ಗೇರ್ ಬಾಕ್ಸ್ ಬಿಚ್ಚುವ ಮುನ್ನ ಕ್ಲಚ್ ಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೇ,

ಮಂಡ್ಯ ಮತ್ತು ಮೈಸೂರು ಸೀಮೆಯಲ್ಲಿ ಕಾರು ಇಟ್ಟುಕೊಂಡಿರುವ ಸಾಮಾನ್ಯ ಕುಟುಂಬಗಳಿಗೆ ಪದೇ ಪದೇ ಎದುರಾಗುವ, ಆದರೆ ಪತ್ರಿಕೆಗಳಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಒಂದು ವಿಷಯವನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಗೇರ್ ಹಾಕುವಾಗ ಕರಕರ ಶಬ್ದ ಬಂದರೆ, ಇಲ್ಲವೇ ಗೇರ್ ಸಲೀಸಾಗಿ ಬೀಳದಿದ್ದರೆ ಮಾಲೀಕರು ಗಾಬರಿಯಿಂದ ಗ್ಯಾರೇಜಿಗೆ ಹೋಗುತ್ತಾರೆ. ಅಲ್ಲಿ ಎಷ್ಟೋ ಬಾರಿ ಹತ್ತು ನಿಮಿಷದ ಪರೀಕ್ಷೆಯೂ ನಡೆಯದೆ ‘ಗೇರ್ ಬಾಕ್ಸ್ ಇಳಿಸಬೇಕು’ ಎಂದೋ ‘ಕ್ಲಚ್ ಸೆಟ್ ಹಾಕಬೇಕು’ ಎಂದೋ ತೀರ್ಮಾನವಾಗಿಬಿಡುತ್ತದೆ. ಎಲ್ಲ ಗ್ಯಾರೇಜುಗಳೂ ಹೀಗೆ ಎಂದು ನಾನು ಹೇಳುವುದಿಲ್ಲ. ಶಬ್ದ ಕೇಳಿಯೇ ದೋಷದ ಜಾಗ ಹೇಳಬಲ್ಲ ನುರಿತ ಮೆಕ್ಯಾನಿಕ್‌ಗಳು ನಮ್ಮಲ್ಲಿದ್ದಾರೆ, ಅಂಥವರಲ್ಲಿ ಕೆಲವರಿಗೆ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಪಾಠ ಹೇಳಿದ ಭಾಗ್ಯ ನನ್ನದು. ಆದರೂ ದೋಷ ಕ್ಲಚ್ಚಿನಲ್ಲಿದೆಯೋ ಗೇರ್ ಬಾಕ್ಸಿನಲ್ಲಿದೆಯೋ ಎಂಬುದನ್ನು ಮೊದಲು ಬೇರ್ಪಡಿಸಿ ನೋಡಬೇಕೆನ್ನುವ ಶಿಸ್ತು ಕಡಿಮೆಯಾಗುತ್ತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಅದರ ಖರ್ಚು ಬೀಳುತ್ತಿರುವುದು ಮಾಲೀಕರ ಮೇಲೆ.

ನಮ್ಮ ಬೀದಿಯ ಶಾಲಾ ಶಿಕ್ಷಕರೊಬ್ಬರ ಕಾರು ಇದಕ್ಕೆ ಉದಾಹರಣೆ. ಬೆಳಿಗ್ಗೆ ಮನೆಯಿಂದ ಹಿಂದಕ್ಕೆ ತೆಗೆಯುವಾಗ ರಿವರ್ಸ್ ಗೇರ್ ಜೋರಾಗಿ ಕರಕರ ಎನ್ನುತ್ತಿತ್ತು, ಸಿಗ್ನಲ್‌ನಲ್ಲಿ ನಿಂತರೆ ಒಂದನೇ ಗೇರ್ ಬೀಳುತ್ತಿರಲಿಲ್ಲ. ಗ್ಯಾರೇಜೊಂದರಲ್ಲಿ ಗೇರ್ ಬಾಕ್ಸ್ ಪೂರ್ತಿ ಬಿಚ್ಚಬೇಕೆಂದು ಹೇಳಿ ದೊಡ್ಡ ಮೊತ್ತದ ಅಂದಾಜು ಪಟ್ಟಿಯನ್ನೂ ಕೊಟ್ಟಿದ್ದರು. ಶಿಕ್ಷಕರು ಒಪ್ಪಿಗೆ ಕೊಡುವ ಮುನ್ನ ಕಾರನ್ನು ನನಗೆ ತೋರಿಸಿದರು. ಎಂಜಿನ್ ನಿಲ್ಲಿಸಿ ಗೇರ್ ಹಾಕಿದರೆ ಐದೂ ಗೇರುಗಳು, ರಿವರ್ಸ್ ಸಹಿತ, ಬೆಣ್ಣೆಯಂತೆ ಬೀಳುತ್ತಿದ್ದವು. ಎಂಜಿನ್ ಚಾಲೂ ಮಾಡಿದ ಮೇಲೆ ಯಾವುದೂ ಬೀಳುತ್ತಿರಲಿಲ್ಲ. ಕ್ಲಚ್ ಪೆಡಲನ್ನು ಎರಡು ಮೂರು ಸಲ ಬೇಗ ಬೇಗ ಒತ್ತಿ ಬಿಟ್ಟು ನೋಡಿದಾಗ ಗೇರ್ ಬಿತ್ತು. ಇಷ್ಟರಿಂದಲೇ ದೋಷ ಗೇರ್ ಬಾಕ್ಸಿನದ್ದಲ್ಲ, ಕ್ಲಚ್ಚಿಗೆ ಒತ್ತಡ ತಲುಪಿಸುವ ದ್ರವದ ಮಾರ್ಗದ್ದು ಎಂಬುದು ಬಹುಮಟ್ಟಿಗೆ ಸ್ಪಷ್ಟವಾಗಿತ್ತು. ಬಾನೆಟ್ ತೆರೆದು ನೋಡಿದರೆ ಡಬ್ಬಿಯಲ್ಲಿ ದ್ರವ ತೀರಾ ಕೆಳಗಿತ್ತು, ಗೇರ್ ಬಾಕ್ಸಿನ ಹೊರಬದಿಯಲ್ಲಿದ್ದು ದ್ರವದ ಒತ್ತಡದಿಂದ ಕ್ಲಚ್ಚನ್ನು ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಮುಸುಕು ಒದ್ದೆಯಾಗಿತ್ತು. ಆ ಸಿಲಿಂಡರ್ ಬದಲಿಸಿ, ಹೊಸ ದ್ರವ ತುಂಬಿ, ಪೈಪಿನಲ್ಲಿದ್ದ ಗಾಳಿ ತೆಗೆದ ಮೇಲೆ ಕಾರು ಸರಿಹೋಯಿತು, ಗೇರ್ ಬಾಕ್ಸಿನ ಒಂದು ಬೋಲ್ಟನ್ನೂ ಸಡಿಲಿಸಬೇಕಾಗಲಿಲ್ಲ.

ಹೀಗೇಕಾಗುತ್ತದೆ ಎಂಬುದು ತಿಳಿದರೆ ಪರೀಕ್ಷೆಗಳೂ ತಾವಾಗಿಯೇ ಅರ್ಥವಾಗುತ್ತವೆ. ಎಂಜಿನ್ನಿನ ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟ್‌ಗಳ ನಡುವೆ ಕ್ಲಚ್ ಪ್ಲೇಟ್ ಸ್ಪ್ರಿಂಗಿನ ಬಲದಿಂದ ಬಿಗಿಯಾಗಿ ಹಿಡಿಯಲ್ಪಟ್ಟಿರುತ್ತದೆ. ನಾವು ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಆ ಸ್ಪ್ರಿಂಗನ್ನು ಒತ್ತಿ ಹಿಡಿತವನ್ನು ಬಿಡಿಸುತ್ತದೆ, ಆಗ ಎಂಜಿನ್ ತಿರುಗುತ್ತಿದ್ದರೂ ಗೇರ್ ಬಾಕ್ಸಿಗೆ ಹೋಗುವ ಶಾಫ್ಟ್ ಸ್ವತಂತ್ರವಾಗುತ್ತದೆ. ಹಿಡಿತ ಪೂರ್ತಿ ಬಿಡದಿದ್ದರೆ ಶಾಫ್ಟ್ ಎಂಜಿನ್ನಿನ ಜೊತೆ ಸುತ್ತುತ್ತಲೇ ಇರುತ್ತದೆ, ಹಾಕಿದ ಗೇರ್ ಶಬ್ದ ಮಾಡುತ್ತದೆ. ಇದರಲ್ಲಿ ಗೇರಿನ ತಪ್ಪೇನೂ ಇಲ್ಲ. ಇನ್ನು ಮುಂದಕ್ಕೆ ಹೋಗುವ ಗೇರುಗಳಲ್ಲಿ ಸಿಂಕ್ರೊ ರಿಂಗ್‌ಗಳಿರುತ್ತವೆ. ಬಿಡುವ ಬಸ್ಸಿಗೆ ಹತ್ತುವವನು ತಾನೂ ನಾಲ್ಕು ಹೆಜ್ಜೆ ಓಡಿ ಬಸ್ಸಿನ ವೇಗಕ್ಕೆ ಹೊಂದಿಕೊಂಡು ಕಂಬಿ ಹಿಡಿಯುವಂತೆ, ಹಲ್ಲುಗಳು ಕೂಡುವ ಮೊದಲು ಎರಡು ಭಾಗಗಳ ವೇಗವನ್ನು ಸಮ ಮಾಡುವುದು ಈ ರಿಂಗುಗಳ ಕೆಲಸ. 1928ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರಿನಲ್ಲಿ ಈ ವ್ಯವಸ್ಥೆ ಮೊದಲು ಬಂತು. ಅದಿಲ್ಲದ ಹಳೆಯ ಲಾರಿಗಳಲ್ಲಿ ಚಾಲಕರು ಡಬಲ್ ಕ್ಲಚ್ ಹೊಡೆದು, ಅಂದರೆ ನಡುವೆ ನ್ಯೂಟ್ರಲ್‌ಗೆ ತಂದು ಕ್ಲಚ್ಚನ್ನು ಎರಡು ಸಲ ಒತ್ತಿ, ತಾವೇ ವೇಗ ಹೊಂದಿಸುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ಇಂದಿಗೂ ಅನೇಕ ಕಾರುಗಳ ರಿವರ್ಸ್ ಗೇರಿಗೆ ಈ ರಿಂಗ್ ಇರುವುದಿಲ್ಲ. ಆದ್ದರಿಂದ ಕಾರು ಪೂರ್ತಿ ನಿಲ್ಲುವ ಮೊದಲೇ ರಿವರ್ಸ್ ಹಾಕಿದರೆ ಶಬ್ದ ಬರುವುದು ಸಹಜ. ಕ್ಲಚ್ ಒತ್ತಿ ಮೂರು ನಾಲ್ಕು ಸೆಕೆಂಡು ತಡೆದು ಹಾಕಿದರೆ, ಅಥವಾ ಒಮ್ಮೆ ಒಂದನೇ ಗೇರಿಗೆ ಹಾಕಿ ಅನಂತರ ರಿವರ್ಸಿಗೆ ತಂದರೆ ಶಬ್ದ ನಿಲ್ಲುತ್ತದೆ. ಹಾಗೆ ತಡೆದು ಹಾಕಿದರೂ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ತಿಳಿಯಬೇಕು.

ಹಾಗಾಗಿ ಮಾಲೀಕರು ಮೊದಲು ಗಮನಿಸಬೇಕಾದುದು ಶಬ್ದ ಎಲ್ಲ ಗೇರುಗಳಲ್ಲೂ ಬರುತ್ತಿದೆಯೋ ಒಂದರಲ್ಲಿ ಮಾತ್ರವೋ ಎಂಬುದನ್ನು. ಎಲ್ಲದರಲ್ಲೂ ಬಂದರೆ, ಅದರಲ್ಲೂ ಎಂಜಿನ್ ನಿಂತಿದ್ದಾಗ ಗೇರುಗಳು ಸಲೀಸಾಗಿ ಬಿದ್ದು ಚಾಲೂ ಇದ್ದಾಗ ಮಾತ್ರ ತೊಂದರೆಯಾದರೆ, ಮೊದಲ ಅನುಮಾನ ಕ್ಲಚ್ಚಿನ ಮೇಲಿರಲಿ. ಓಡುವಾಗ ಎರಡನೆಯದೋ ಮೂರನೆಯದೋ ಒಂದೇ ಗೇರ್ ಕರಕರ ಎಂದು, ಉಳಿದವು ಸರಿಯಾಗಿದ್ದು, ಡಬಲ್ ಕ್ಲಚ್ ಮಾಡಿದಾಗ ಆ ಶಬ್ದವೂ ಅಡಗಿದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿದೆ ಎನ್ನಬಹುದು, ಆಗ ಗೇರ್ ಬಾಕ್ಸ್ ಬಿಚ್ಚದೆ ಗತ್ಯಂತರವಿಲ್ಲ. ಈ ವ್ಯತ್ಯಾಸ ಕಂಡುಕೊಳ್ಳಲು ಯಾವ ಉಪಕರಣವೂ ಬೇಡ.

ಕ್ಲಚ್ ಬಿಡದಿರುವುದಕ್ಕೆ ಕಾರಣ ಹುಡುಕುವಾಗ ಚಾಲಕನ ಕಾಲ ಬುಡದಿಂದಲೇ ಆರಂಭಿಸಬೇಕು. ಹಳೆಯ ಮ್ಯಾಟಿನ ಮೇಲೆ ಇನ್ನೊಂದು ದಪ್ಪ ಮ್ಯಾಟ್ ಹಾಕಿ ಪೆಡಲ್ ಕೊನೆಯವರೆಗೂ ಹೋಗದಂತಾಗಿರುವ ಕಾರುಗಳನ್ನು ನಾನು ಕಂಡಿದ್ದೇನೆ. ಅನಂತರ ಪೆಡಲಿನ ಎಳೆತವನ್ನು ಕ್ಲಚ್ಚಿಗೆ ಮುಟ್ಟಿಸುವ ಕೇಬಲ್. ಕೇಬಲ್ ಇರುವ ಸಣ್ಣ ಕಾರುಗಳು ನಮ್ಮ ಊರುಗಳಲ್ಲಿ ಇನ್ನೂ ಬಹಳ ಇವೆ, ಅವುಗಳಲ್ಲಿ ಪೆಡಲಿನ ಆರಂಭದಲ್ಲಿ ಯಾವ ಬಿಗಿಯೂ ಇಲ್ಲದೆ ಸ್ವಲ್ಪ ದೂರ ಇಳಿಯುವ ಪ್ಲೇ ಎಷ್ಟಿರಬೇಕೆಂದು ಕಾರಿನ ಕೈಪಿಡಿಯಲ್ಲೇ ಕೊಟ್ಟಿರುತ್ತಾರೆ. ಕೇಬಲ್ ಹಿಗ್ಗಿ ಪ್ಲೇ ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಕರಕರ ಎನ್ನುತ್ತದೆ. ಅದಕ್ಕೆಂದು ಯಾರಾದರೂ ನಟ್ಟನ್ನು ಮಿತಿಮೀರಿ ಬಿಗಿದು ಪ್ಲೇ ಇಲ್ಲದಂತೆ ಮಾಡಿದರೆ ರಿಲೀಸ್ ಬೇರಿಂಗ್ ಸದಾ ಸ್ಪ್ರಿಂಗನ್ನು ಒತ್ತುತ್ತಲೇ ಇದ್ದು, ಕ್ಲಚ್ ಪೂರ್ತಿ ಹಿಡಿಯದೆ ಸ್ಲಿಪ್ ಆಗತೊಡಗುತ್ತದೆ, ಕೆಲವೇ ಕಾಲದಲ್ಲಿ ಪ್ಲೇಟ್ ಸುಟ್ಟುಹೋಗುತ್ತದೆ. ಒಂದೇ ನಟ್ಟಿನ ಹೊಂದಾಣಿಕೆ ಎರಡು ವಿರುದ್ಧ ದೋಷಗಳನ್ನು ಹುಟ್ಟಿಸಬಲ್ಲದು ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತಿದ್ದೆ. ಪೆಡಲ್ ಗಡಸಾಗಿದ್ದರೆ ಕೇಬಲಿನ ಎಳೆಗಳು ಒಳಗೆ ಬಿಚ್ಚಿಕೊಳ್ಳುತ್ತಿರಬಹುದು. ಅದು ದಾರಿಯ ಮಧ್ಯೆ ಕಡಿಯುವ ಮೊದಲೇ ಬದಲಿಸುವುದು ಕ್ಷೇಮ.

ದ್ರವದಿಂದ ಕೆಲಸ ಮಾಡುವ ಕ್ಲಚ್ಚಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅನೇಕ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯಿಂದ ಬ್ರೇಕ್ ಆಯಿಲ್ ಹೋಗುತ್ತದೆ, ಮತ್ತು ಕ್ಲಚ್ಚಿನ ಕೊಳವೆಯನ್ನು ಡಬ್ಬಿಯಲ್ಲಿ ಸ್ವಲ್ಪ ಮೇಲ್ಮಟ್ಟದಲ್ಲಿ ಇಟ್ಟಿರುತ್ತಾರೆ. ಕ್ಲಚ್ಚಿನ ಕಡೆ ಸೋರಿದರೂ ಬ್ರೇಕಿಗೆ ಒಂದಷ್ಟು ದ್ರವ ಉಳಿಯಲಿ ಎಂಬುದು ಇದರ ಉದ್ದೇಶ. ಅಂದರೆ ಅಂಥ ಕಾರಿನಲ್ಲಿ ಕ್ಲಚ್ ಪೆಡಲ್ ಮೆತ್ತಗಾದರೆ ಬ್ರೇಕಿನ ಕಡೆಯೂ ಅದೇ ದಿನ ಕಣ್ಣು ಹಾಯಿಸಬೇಕು. ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವುದರಿಂದ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕೆಂದು ಹೇಳುತ್ತಾರೆ. ಡಾಟ್ 3 ಅಥವಾ ಡಾಟ್ 4 ಎಂಬ ದರ್ಜೆಗಳಲ್ಲಿ ಮುಚ್ಚಳದ ಮೇಲೆ ಯಾವುದನ್ನು ನಮೂದಿಸಿರುತ್ತಾರೋ ಅದನ್ನೇ ಹಾಕಬೇಕು. ದ್ರವ ಕಡಿಮೆಯಾಯಿತೆಂದು ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಊದಿಕೊಂಡು ಬ್ರೇಕೂ ಕೆಡುತ್ತದೆ. ಕೆಲವು ಹೊಸ ಕಾರುಗಳಲ್ಲಿ ಮೊದಲು ಹೇಳಿದ ಸ್ಲೇವ್ ಸಿಲಿಂಡರ್ ಗೇರ್ ಬಾಕ್ಸಿನ ಮುಂಭಾಗದ ಒಳಗೇ ಕೂತಿರುತ್ತದೆ. ಅಲ್ಲಿ ಸೋರಿದರೆ ಗೇರ್ ಬಾಕ್ಸ್ ಇಳಿಸಲೇಬೇಕಾಗುತ್ತದೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು, ಅಂಥ ಕೆಲಸಕ್ಕೆ ಮೆಕ್ಯಾನಿಕ್ ಕೇಳುವ ಕೂಲಿ ಹೆಚ್ಚೆಂದು ದೂರುವುದು ಸರಿಯಲ್ಲ.

ಇದಕ್ಕೆ ತದ್ವಿರುದ್ಧವಾದ ದೋಷ ಕ್ಲಚ್ ಹಿಡಿಯದೆ ಜಾರುವುದು. ನಮ್ಮ ಸೀಮೆಯ ರಸ್ತೆಗಳು ಇದಕ್ಕೆ ವಿಶೇಷವಾಗಿ ಎಡೆಮಾಡಿಕೊಡುತ್ತವೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಷೇಧಿಸಿದ್ದರಿಂದ, ಕಬ್ಬು ಅರೆಯುವ ಹಂಗಾಮಿನಲ್ಲಿ ಸರ್ವಿಸ್ ರಸ್ತೆಗಳಲ್ಲೂ ಪಾಂಡವಪುರ, ಕೆ.ಎಂ.ದೊಡ್ಡಿಯಂಥ ಊರುಗಳ ಹಾದಿಯಲ್ಲೂ ಲೋಡು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಕಾರುಗಳು ತೆವಳಬೇಕಾಗುತ್ತದೆ. ರೈತನ ಬಂಡಿಗೆ ದಾರಿ ಇರಲೇಬೇಕು, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಹಾಗೆ ತೆವಳುವಾಗ ಎರಡನೇ ಗೇರಿನಲ್ಲಿ ಪೆಡಲನ್ನು ಅರ್ಧ ಒತ್ತಿ ಹಾಫ್ ಕ್ಲಚ್ ಹಿಡಿದು ಸಾಗುವವರೇ ಹೆಚ್ಚು. ಒಂದನೇ ಗೇರಿಗಿಳಿಸಿ ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆದು, ಮುಂದಿನ ವಾಹನಕ್ಕೂ ತಮಗೂ ಅಂತರ ಬಿಟ್ಟು ಚಲಿಸಿದರೆ ಪ್ಲೇಟ್ ಉಳಿಯುತ್ತದೆ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ರಜಾದಿನ ವಾಹನಗಳ ಸಾಲು ನಿಂತಾಗ ಮೂಗಿಗೆ ಬಡಿಯುವ ಸುಟ್ಟ ವಾಸನೆ ಬಹುತೇಕ ಕ್ಲಚ್ಚಿನದ್ದೇ. ಏರಿನಲ್ಲಿ ಕಾರನ್ನು ಹ್ಯಾಂಡ್ ಬ್ರೇಕಿನಿಂದ ನಿಲ್ಲಿಸಬೇಕೇ ಹೊರತು ಕ್ಲಚ್ ಮತ್ತು ಆಕ್ಸಿಲರೇಟರುಗಳ ನಡುವೆ ತೂಗುತ್ತಾ ನಿಲ್ಲಿಸಬಾರದು. ಹಾಗೆ ನಿಂತಷ್ಟೂ ಹೊತ್ತು ಪ್ಲೇಟ್ ಉಜ್ಜಿ ಕಾಯುತ್ತಲೇ ಇರುತ್ತದೆ.

ಸ್ಲಿಪ್ ಆಗುತ್ತಿರುವ ಕ್ಲಚ್ಚಿನ ಲಕ್ಷಣ ಎಕ್ಸ್‌ಪ್ರೆಸ್‌ವೇಯಲ್ಲಿ ಬೇಗ ಕಾಣುತ್ತದೆ: ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ರೈಸ್ ಆಗುತ್ತದೆ, ವೇಗ ಮಾತ್ರ ಏರುವುದಿಲ್ಲ. ಖಚಿತಪಡಿಸಿಕೊಳ್ಳಲು ಸಮತಟ್ಟಾದ, ಸುತ್ತ ಯಾರೂ ಇಲ್ಲದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಬಲವಾಗಿ ಎಳೆದು, ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ ಕ್ಲಚ್ ಬಿಟ್ಟು ನೋಡಬಹುದು. ಎಂಜಿನ್ ತಕ್ಷಣ ನಿಂತುಹೋದರೆ ಹಿಡಿತ ಸರಿಯಾಗಿದೆ, ನಿಲ್ಲದೆ ಓಡುತ್ತಲೇ ಇದ್ದರೆ ಪ್ಲೇಟ್ ಮುಗಿದಿದೆ ಅಥವಾ ಅದಕ್ಕೆ ಎಣ್ಣೆ ತಗುಲಿದೆ. ಈ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬಾರದು, ಅದರಿಂದಲೇ ಪ್ಲೇಟ್ ಸುಡುತ್ತದೆ. ಬದಲಿಸುವ ಸಂದರ್ಭ ಬಂದರೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಬದಲಿಸುವುದು ಜಾಣತನ, ಏಕೆಂದರೆ ಕೂಲಿಯ ಬಹುಪಾಲು ಗೇರ್ ಬಾಕ್ಸ್ ಇಳಿಸಿ ಏರಿಸುವುದಕ್ಕೇ ಹೋಗುತ್ತದೆ. ಎಂಜಿನ್ ಹಿಂಬದಿಯ ಎಣ್ಣೆ ಸೀಲನ್ನೂ ಆಗಲೇ ನೋಡಿಬಿಡಬೇಕು. ಕ್ಲಚ್ ಪ್ಲೇಟ್ ಸವೆಯುವ ಭಾಗವಾದ್ದರಿಂದ ಅದಕ್ಕೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ.

ಗೇರ್ ಆಯಿಲಿನ ಬಗ್ಗೆ ಒಂದು ಮಾತು. ಎಂಜಿನ್ ಆಯಿಲನ್ನು ತಪ್ಪದೆ ಬದಲಿಸುವವರೂ ಗೇರ್ ಬಾಕ್ಸಿನಲ್ಲಿ ಎಣ್ಣೆ ಇದೆಯೇ ಎಂದು ನೋಡಿಸುವುದಿಲ್ಲ. ಚಕ್ರಗಳಿಗೆ ಹೋಗುವ ಆಕ್ಸಲ್‌ನ ಸೀಲಿನಿಂದ ಸೋರಿ ಮಟ್ಟ ಇಳಿದರೆ ಎಲ್ಲ ಗೇರುಗಳೂ ಗಡಸಾಗುತ್ತವೆ. ಎಣ್ಣೆಯ ದರ್ಜೆಯೂ ಮುಖ್ಯ: ಜಿಎಲ್-4 ಹೇಳಿರುವ ಗೇರ್ ಬಾಕ್ಸಿಗೆ, ‘ಇನ್ನೂ ಒಳ್ಳೆಯದು’ ಎಂದು ಜಿಎಲ್-5 ತುಂಬಿದರೆ ಅದರಲ್ಲಿ ಹೆಚ್ಚಾಗಿರುವ ಗಂಧಕ–ರಂಜಕದ ಅಂಶಗಳಿಂದ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಹಾನಿಯಾಗಬಹುದು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯಲ್ಲೇ ಕಾರುಗಳು ಮುಳುಗಿದ್ದು ಓದುಗರಿಗೆ ನೆನಪಿರಬಹುದು. ಹಾಗೆ ನೀರಿನಲ್ಲಿ ನಿಂತ ಕಾರಿನ ಗೇರ್ ಬಾಕ್ಸಿಗೆ ಉಸಿರುರಂಧ್ರದ ಮೂಲಕ ನೀರು ಸೇರಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಆಗಲೇ ಬಸಿದು ತೆಗೆಯದಿದ್ದರೆ ಬೇರಿಂಗುಗಳು ತುಕ್ಕು ಹಿಡಿಯುತ್ತವೆ. ಬೇರಿಂಗಿನ ಶಬ್ದವನ್ನು ಗುರುತಿಸುವುದೂ ಸುಲಭ. ನ್ಯೂಟ್ರಲ್‌ನಲ್ಲಿ ಪೆಡಲ್ ಒತ್ತಿದಾಗ ಶಬ್ದ ಆರಂಭವಾದರೆ ಸಾಮಾನ್ಯವಾಗಿ ರಿಲೀಸ್ ಬೇರಿಂಗ್ ಹೋಗಿದೆ. ಒತ್ತಿದಾಗ ನಿಂತು, ಬಿಟ್ಟಾಗ ಬಂದರೆ ದೋಷ ಗೇರ್ ಬಾಕ್ಸಿನ ಮುಂದಿನ ಬೇರಿಂಗಿನಲ್ಲಿರುವ ಸಾಧ್ಯತೆ ಹೆಚ್ಚು.

ಈ ಹಿನ್ನೆಲೆಯಲ್ಲಿ ನನ್ನ ಕೋರಿಕೆಗಳು ಹೆಚ್ಚಿಲ್ಲ. ಗ್ಯಾರೇಜಿನವರು ಗೇರ್ ಬಾಕ್ಸ್ ಇಳಿಸುವ ಮುನ್ನ ಯಾವ ಪರೀಕ್ಷೆ ಮಾಡಿದರು, ಏನು ಕಂಡುಬಂತು ಎಂಬುದನ್ನು ಜಾಬ್ ಕಾರ್ಡಿನಲ್ಲಿ ಎರಡು ಸಾಲು ಬರೆದುಕೊಡಲಿ, ತೆಗೆದ ಹಳೆಯ ಭಾಗಗಳನ್ನು ಮಾಲೀಕರಿಗೆ ತೋರಿಸಲಿ. ಪ್ರಾಮಾಣಿಕ ಮೆಕ್ಯಾನಿಕ್‌ಗೆ ಇದರಿಂದ ನಷ್ಟವಿಲ್ಲ, ಅವನ ಮೇಲಿನ ನಂಬಿಕೆ ಹೆಚ್ಚುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿರುವ ಚಾಲನಾ ತರಬೇತಿಯ ಪಠ್ಯಕ್ರಮದಲ್ಲಿ ವಾಹನದ ಯಂತ್ರರಚನೆ ಮತ್ತು ದುರಸ್ತಿ ಎಂಬ ಭಾಗವೇ ಇದೆ. ಆದರೆ ಸ್ವಂತ ಕಾರು ಓಡಿಸಲು ಕಲಿಯುವವರಿಗೆ ಅದರ ಪರಿಚಯವಾಗುವುದು ಅಪರೂಪ. ಚಾಲನಾ ಶಾಲೆಗಳು ಒಂದು ಗಂಟೆಯನ್ನಾದರೂ ಕ್ಲಚ್ಚಿನ ಕೆಲಸ ತೋರಿಸುವುದಕ್ಕೆ ಮೀಸಲಿಡುವಂತೆ ಮಂಡ್ಯ ಮತ್ತು ಮೈಸೂರಿನ ಪ್ರಾದೇಶಿಕ ಸಾರಿಗೆ ಅಧಿಕಾರಿಗಳು ಸೂಚಿಸಬೇಕು. ಮೋಟಾರು ವಾಹನ ವಿಭಾಗವಿರುವ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಪಾಠಕ್ಕೆಂದು ಗೇರ್ ಬಾಕ್ಸನ್ನು ಸೀಳಿ ಒಳಭಾಗ ಕಾಣುವಂತೆ ಮಾಡಿದ ಮಾದರಿಗಳಿರುತ್ತವೆ. ತಿಂಗಳಿಗೊಂದು ಭಾನುವಾರ ಅವುಗಳನ್ನು ಸಾರ್ವಜನಿಕರಿಗೆ ತೋರಿಸಿ ವಿವರಿಸುವ ವ್ಯವಸ್ಥೆಯನ್ನು ಇಲಾಖೆ ಮಾಡುವುದಾದರೆ, ಯಾವ ಸಂಭಾವನೆಯನ್ನೂ ಬಯಸದೆ ಬಂದು ಹೇಳಿಕೊಡಲು ನಾನು ಸಿದ್ಧನಿದ್ದೇನೆ; ನನ್ನಂತೆಯೇ ನಿವೃತ್ತರಾದ ಸಹೋದ್ಯೋಗಿಗಳನ್ನೂ ಕರೆತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ತರಬೇತಿ ಅಧಿಕಾರಿ,
ಮಂಡ್ಯ