ಕತ್ತರಿ ತಾಗಿಸದೆ ಕಾಯಿಲೆ ಗುರುತಿಸಿದವರಿಗೆ

ನಮ್ಮ ಮಗನ ಸ್ನಾಯುಗಳ ಬಲ ಕುಂದಲು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ, ಜೀನ್ ದೋಷದಿಂದ ಸ್ನಾಯುಗಳು ಸವೆಯುವ ಕಾಯಿಲೆ ಕಾರಣವೆಂಬುದು ಖಚಿತವಾಗಿ, ಸ್ಟೀರಾಯ್ಡ್ ಔಷಧವೂ ಫಿಸಿಯೋಥೆರಪಿಯೂ ಆರಂಭವಾಗಿವೆ. ಸುದ್ದಿ ಸಂತೋಷದ್ದಲ್ಲ. ಆದರೂ ಬಯಾಪ್ಸಿಗೆಂದು ಮಗುವಿನ ಮಾಂಸಖಂಡದ ಒಂದು ಚೂರನ್ನೂ ತೆಗೆಯದೆ ಉತ್ತರ ಸಿಕ್ಕಿದ್ದಕ್ಕೆ ಹಲವರಿಗೆ ಋಣಿಗಳಾಗಿದ್ದೇವೆ.

ಮೊದಲ ವಂದನೆ ಮಕ್ಕಳ ವೈದ್ಯೆಗೆ. ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ್ದ ರಕ್ತಪರೀಕ್ಷೆಯಲ್ಲಿ ಎಎಲ್‌ಟಿ, ಎಎಸ್‌ಟಿ ಎಂಬ ಕಿಣ್ವಗಳು ಹೆಚ್ಚಿದ್ದವು. ಇಂಥ ವರದಿ ಕಂಡರೆ ಯಕೃತ್ತಿನ ತೊಂದರೆಯೆಂದು ಭಾವಿಸುವುದು ಸಹಜ. ಅವು ಸ್ನಾಯುಗಳಿಂದಲೂ ಸೋರಿ ಬರಬಹುದೆಂಬುದನ್ನು ಮರೆಯದ ಅವರು, ಮಗನನ್ನು ನೆಲದ ಮೇಲೆ ಕೂರಿಸಿ ಏಳಲು ಹೇಳಿದರು. ಅವನು ತನ್ನ ತೊಡೆಗಳ ಮೇಲೆಯೇ ಕೈಯೂರಿ, ಮೈಯನ್ನು ಮೇಲೆ ತಳ್ಳಿಕೊಂಡು ಎದ್ದ. ಸೊಂಟ, ತೊಡೆಗಳ ಸ್ನಾಯುಗಳು ಬಲಗುಂದಿರುವುದನ್ನು ತೋರುವ ಅದಕ್ಕೆ ಗೋವರ್ಸ್ ಲಕ್ಷಣವೆಂದು ಹೆಸರು. ಬಳಿಕ ಮಾಡಿಸಿದ, ಸ್ನಾಯು ಕೆಟ್ಟಾಗ ರಕ್ತಕ್ಕೆ ಸೋರುವ ಸಿಕೆ ಎಂಬ ಕಿಣ್ವದ ಪರೀಕ್ಷೆಯ ಅಂಕಿ ಸಹಜ ಮಿತಿಯ ಹತ್ತಾರು ಪಟ್ಟು ಮೀರಿತ್ತು.

ಸ್ನಾಯುಗಳ ಅಲ್ಟ್ರಾಸೌಂಡ್ ಮಾಡಿದ ತಜ್ಞರು ತೆರೆಯ ಮೇಲಿನ ಚಿತ್ರವನ್ನು ನಮಗೂ ಅರ್ಥವಾಗುವಂತೆ ವಿವರಿಸಿದರು. ಆರೋಗ್ಯವಂತ ಸ್ನಾಯು ಕಪ್ಪಾಗಿ ಕಾಣುತ್ತದೆ, ಅದರಡಿಯ ಮೂಳೆಯ ಗೆರೆ ಬೆಳ್ಳಗೆ ಹೊಳೆಯುತ್ತದೆ. ಸ್ನಾಯುವಿನ ಎಳೆಗಳು ನಶಿಸಿ ಆ ಜಾಗವನ್ನು ಕೊಬ್ಬು ಮತ್ತು ನಾರಿನಂಥ ಅಂಗಾಂಶ ತುಂಬಿಕೊಂಡಾಗ ಶಬ್ದತರಂಗಗಳು ಅಲ್ಲಿಯೇ ಚದುರಿ ಮರಳುವುದರಿಂದ, ಸ್ನಾಯು ಬೆಳ್ಳಗಾಗಿ ಮೂಳೆಯ ಗೆರೆ ಮಸುಕಾಗುತ್ತದೆ. ಲಂಡನ್ನಿನಲ್ಲಿ ಸಂಶೋಧಕರಾದ ಹೆಕ್‌ಮ್ಯಾಟ್, ಡುಬೊವಿಟ್ಜ್ ಮತ್ತು ಸಂಗಡಿಗರು 1980ರಲ್ಲೇ ಇದನ್ನು ವರದಿ ಮಾಡಿದ್ದರಂತೆ. ಈ ಚಿತ್ರ ಸ್ನಾಯು ಕೆಟ್ಟಿದೆಯೆಂದು ಹೇಳಬಲ್ಲದೇ ಹೊರತು ಕಾಯಿಲೆಯ ಹೆಸರನ್ನು ಹೇಳಲಾರದು, ತೀರ ಎಳೆಯ ಮಕ್ಕಳಲ್ಲಿ ಆರಂಭದ ಹಂತ ಸಹಜವಾಗಿಯೇ ಕಾಣಬಹುದು ಎಂಬುದನ್ನೂ ಅವರು ಮರೆಮಾಚಲಿಲ್ಲ. ಆ ಪ್ರಾಮಾಣಿಕತೆಗೆ ವಿಶೇಷ ಕೃತಜ್ಞತೆ.

ನರರೋಗ ತಜ್ಞರಿಗೆ ಅವರು ಮಾಡಿಸದ ಪರೀಕ್ಷೆಗಳಿಗಾಗಿಯೂ ವಂದಿಸಬೇಕು. ಎಂಆರ್‌ಐನಲ್ಲಿ ಅಲುಗಾಡದೆ ಮಲಗಿರಲು ಚಿಕ್ಕ ಮಗುವಿಗೆ ಮಂಪರಿನ ಔಷಧ ಬೇಕಾದೀತು, ಸದ್ಯ ಅದರಿಂದ ತೀರ್ಮಾನವೇನೂ ಬದಲಾಗದು ಎಂದು ಅದನ್ನು ಕೈಬಿಟ್ಟರು. ಸೂಜಿ ಚುಚ್ಚಿ ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಅಳೆಯುವ ಇಎಂಜಿಯನ್ನೂ ಬೇಡವೆಂದರು. ನೇರವಾಗಿ ಜೀನ್ ಪರೀಕ್ಷೆ ಬರೆದರು. ಸ್ನಾಯುವಿಗೆ ಬೇಕಾದ ಡಿಸ್ಟ್ರೋಫಿನ್ ಪ್ರೋಟೀನಿನ ಜೀನ್‌ನಲ್ಲಿ, ಅದನ್ನು ಕಟ್ಟುವ ಸೂಚನೆಯ ತುಂಡುಗಳಾದ 79 ಎಕ್ಸಾನ್‌ಗಳಿದ್ದು, ಈ ಕಾಯಿಲೆಯ ಸುಮಾರು ಮೂರನೇ ಎರಡರಷ್ಟು ಮಕ್ಕಳಲ್ಲಿ ಒಂದೋ ಹಲವೋ ಎಕ್ಸಾನ್‌ಗಳು ಬಿಟ್ಟುಹೋಗಿರುತ್ತವೆ. ಮೊದಲು ಹುಡುಕುವುದು ಅದನ್ನೇ. ನಮ್ಮ ಮಗನಲ್ಲಿ ಅದೇ ಕಂಡಿತು. ಕಾಣದಿದ್ದರೆ ಇಡೀ ಜೀನ್ ಓದಿಸಬೇಕಿತ್ತು, ಅದರಲ್ಲೂ ಸುಳಿವು ಸಿಗದಿದ್ದರೆ ಬಯಾಪ್ಸಿಯೇ ಗತಿಯಾಗುತ್ತಿತ್ತು.

ಹೆಸರು ತಿಳಿಯದ ಕೆಲವು ಮಕ್ಕಳಿಗೂ ನಾವು ಋಣಿಗಳು. 1987ರಲ್ಲಿ ಡಿಸ್ಟ್ರೋಫಿನ್ ಎಂಬ ಪ್ರೋಟೀನನ್ನು ಗುರುತಿಸಿದಾಗ, ಅದು ಈ ಕಾಯಿಲೆಯವರಲ್ಲಿ ಇಲ್ಲವೆಂದು ತಿಳಿದದ್ದು ಇಂಥ ಹುಡುಗರ ಸ್ನಾಯುವಿನ ಚೂರುಗಳಿಂದಲೇ. ಅವರು ಗಾಯ ಸಹಿಸಿದ್ದರಿಂದ ನಮ್ಮವನ ಪಾಲಿಗೆ ಸ್ವಲ್ಪ ರಕ್ತವೇ ಸಾಕಾಯಿತು.

ಕೊನೆಯದಾಗಿ, ಆಪ್ತ ಸಮಾಲೋಚಕಿಯವರಿಗೆ. ಈ ದೋಷ ತಾಯಿಯಿಂದಲೇ ಬಂದಿರಬೇಕೆಂದಿಲ್ಲ, ಸರಿಸುಮಾರು ಮೂರರಲ್ಲಿ ಒಂದು ಮಗುವಿನಲ್ಲಿ ಹೊಸದಾಗಿಯೇ ತಲೆದೋರುತ್ತದೆ, ತಾಯಿಯಿಂದ ಬಂದಿದ್ದರೂ ಅದು ಯಾರ ತಪ್ಪೂ ಅಲ್ಲವೆಂದು, ನನ್ನ ಹೆಂಡತಿಯ ರಕ್ತವನ್ನು ಪರೀಕ್ಷೆಗೆ ಕಳುಹಿಸುವ ಮೊದಲೇ, ಮನೆಯ ಹಿರಿಯರನ್ನೂ ಎದುರು ಕೂರಿಸಿಕೊಂಡು ಅವರು ಹೇಳಿದರು.