ಡಿಮೆನ್ಷಿಯಾ ತರಬೇತಿಗೆ ಹಣ ಕೇಳುವ ಮುನ್ನ

ಮಡಿಕೇರಿ

ಚಿ. ರಶ್ಮಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ನರ್ಸ್‌ಗಳಿಗೂ ಆನ್‌ಲೈನ್‌ನಲ್ಲಿ ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಗ್ಗಿಸುವ ಮೆದುಳಿನ ಕಾಯಿಲೆ) ಆರೈಕೆಯ ತರಬೇತಿ ಕೊಡಿಸಬೇಕು, ಅದಕ್ಕೆ ಮುಂದಿನ ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಕ್ರಿಯಾ ಯೋಜನೆಯಲ್ಲಿ ಹಣ ಇಡಿಸಬೇಕು ಎಂದು ಹೊರಟಿದ್ದೀಯಲ್ಲ, ಬಹಳ ಸಂತೋಷವಾಯಿತು. ನೀನು ಕಳಿಸಿದ ಕರಡನ್ನು ಎರಡು ಸಲ ಓದಿದೆ. ಅದರಲ್ಲಿ ಹೆಚ್ಚಿನ ಹಣ ಮೊದಲ ಎರಡು ದಿನಕ್ಕೇ ಹೋಗಿದೆ: ಉದ್ಘಾಟನೆ, ಊಟ, ವಸತಿ, ಕ್ಯಾಮೆರಾ, ಸ್ಮಾರ್ಟ್ ಬೋರ್ಡ್. ಆಮೇಲಿನ ಆರು ತಿಂಗಳಿಗೆ ಏನೂ ಉಳಿದಿಲ್ಲ. ನಾನು ಹೇಳುವುದು ಇಷ್ಟೇ. ಹಣವನ್ನು ಆ ಆರು ತಿಂಗಳಿಗೆ ಕೇಳು. ಪಾಠ ಕೇಳಿದವರು ತಮ್ಮ ಊರಿನ ಒಬ್ಬೊಬ್ಬ ರೋಗಿಯನ್ನು ಮುಂದಿಟ್ಟುಕೊಂಡು ತಜ್ಞರ ಜೊತೆ ಮಾತಾಡುವುದಕ್ಕೆ, ಮನೆಗೆ ಹೋಗಿ ನೋಡುವುದಕ್ಕೆ, ಮತ್ತೆ ಬಂದು ಹೇಳುವುದಕ್ಕೆ ಕೇಳು. ಒಂದು ದಿನದ ಉಪನ್ಯಾಸದಿಂದ ಯಾರೂ ಔಷಧಿ ಚೀಟಿ ಬರೆಯುವ ರೀತಿ ಬದಲಾಯಿಸಿಕೊಳ್ಳುವುದಿಲ್ಲ.

ಮೊದಲು ಲೆಕ್ಕ. ಗುಡ್ಡಗಾಡು ಪ್ರದೇಶದಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎನ್ನುವುದು ಮಾನದಂಡ. ಹತ್ತರಲ್ಲಿ ಒಬ್ಬರು 60 ದಾಟಿದವರು ಎಂದು ಹಿಡಿದರೆ 2,000 ಹಿರಿಯರು. ಲಾಸಿ-ಡ್ಯಾಡ್ ಎಂಬ ರಾಷ್ಟ್ರೀಯ ಅಧ್ಯಯನ ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4 ಮಂದಿಗೆ ಡಿಮೆನ್ಷಿಯಾ ಇದೆ ಎಂದು ಅಂದಾಜಿಸಿದೆ. ಹಾಗಾದರೆ ಒಂದೊಂದು ಕೇಂದ್ರದ ವ್ಯಾಪ್ತಿಯಲ್ಲಿ ಸುಮಾರು 148 ಜನ. ನಿನ್ನ ಕೇಂದ್ರದ ರಿಜಿಸ್ಟರಿನಲ್ಲಿ ಈಗ ಎಷ್ಟು ಹೆಸರಿದೆ ಎಂದು ನೋಡು. ಆ ಎರಡು ಸಂಖ್ಯೆಗಳ ಅಂತರವನ್ನೇ ಪ್ರಸ್ತಾವನೆಯ ಮೊದಲ ಪ್ಯಾರಾದಲ್ಲಿ ಬರಿ. ಜಗತ್ತಿನ, ದೇಶದ ದೊಡ್ಡ ಅಂಕಿಗಳನ್ನು ಬೆಂಗಳೂರಿನಲ್ಲಿ ಕೂತವರು ಬೇಕಾದಷ್ಟು ಓದಿರುತ್ತಾರೆ.

ಹಣದ ತಲೆಬರಹದ ವಿಷಯಕ್ಕೆ ಬರುತ್ತೇನೆ. ಹೊಸ ಯೋಜನೆ ಬೇಕು ಎಂದು ಕೇಳಿದರೆ ಕಡತ ಮೇಲೇಳುವುದಿಲ್ಲ. ಈಗಾಗಲೇ ಇರುವ ಮೂರು ಬಾಗಿಲುಗಳಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ತರಬೇತಿಯ ಬಾಬ್ತು ಇದೆ. 2010-11ರಲ್ಲಿ ಶುರುವಾದ ಹಿರಿಯರ ಆರೋಗ್ಯ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲೂ ಇದೆ. ಆಯುಷ್ಮಾನ್ ಆರೋಗ್ಯ ಮಂದಿರಗಳ 12 ಸೇವೆಗಳಲ್ಲಿ ಹಿರಿಯರ ಆರೈಕೆಯೂ ಮಾನಸಿಕ-ನರ ಸಂಬಂಧಿ ಕಾಯಿಲೆಗಳೂ ಸೇರಿರುವುದರಿಂದ ಸಮುದಾಯ ಆರೋಗ್ಯ ಅಧಿಕಾರಿಗಳ (ಸಿಎಚ್‌ಒ) ತರಬೇತಿಯನ್ನು ಅಲ್ಲಿಂದ ಕೇಳಬಹುದು. ಮೂರೂ ಎನ್‌ಎಚ್‌ಎಂ ಮೂಲಕವೇ ಬರುತ್ತವೆ. ಕೇಂದ್ರ ಸರ್ಕಾರದ ಪಾಲು ಶೇ. 60, ರಾಜ್ಯದ್ದು ಶೇ. 40. ವೈದ್ಯರನ್ನು ಮಾನಸಿಕ ಆರೋಗ್ಯದ ಬಾಬ್ತಿನಲ್ಲಿ, ನರ್ಸ್‌ಗಳನ್ನು ಹಿರಿಯರ ಬಾಬ್ತಿನಲ್ಲಿ, ಸಿಎಚ್‌ಒಗಳನ್ನು ಮೂರನೆಯದರಲ್ಲಿ ತೋರಿಸು. ಒಬ್ಬನೇ ವ್ಯಕ್ತಿಯ ಹೆಸರು ಒಂದೇ ದಿನಕ್ಕೆ ಎರಡು ಬಾಬ್ತಿನಲ್ಲಿ ಬಂದರೆ ಆಡಿಟ್‌ನವರು ಹಿಡಿಯುತ್ತಾರೆ, ಆಮೇಲೆ ಇಡೀ ಕಾರ್ಯಕ್ರಮಕ್ಕೇ ಕೆಟ್ಟ ಹೆಸರು.

ಶಾಸಕರ, ಸಂಸದರ ಪ್ರದೇಶಾಭಿವೃದ್ಧಿ ನಿಧಿ ಶಾಶ್ವತ ಆಸ್ತಿಗೆ ಮೀಸಲು. ತರಬೇತಿಯ ಗೌರವಧನಕ್ಕೆ ಅಲ್ಲಿ ಕೇಳಬೇಡ. ಟಿವಿ, ಇನ್ವರ್ಟರ್ ಬೇಕಾದರೆ ಆರೋಗ್ಯ ಕೇಂದ್ರದ ಅನ್‌ಟೈಡ್ ನಿಧಿಯನ್ನು (ಇಂಥದ್ದಕ್ಕೇ ಎಂದು ಕಟ್ಟುಹಾಕದ ಹಣ) ಕೇಂದ್ರದ ಸಮಿತಿಯ ನಡಾವಳಿಯಲ್ಲಿ ಬರೆಸಿ ಬಳಸಬಹುದು, ಇಲ್ಲವೇ ಯಾವುದಾದರೂ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ನಿಧಿಯಿಂದ ವಸ್ತು ರೂಪದಲ್ಲೇ ಪಡೆಯಬಹುದು. ಸಿಎಸ್‌ಆರ್ ಹಣವನ್ನು ಎನ್‌ಎಚ್‌ಎಂ ಖಾತೆಯೊಳಗೆ ಮಾತ್ರ ಬೆರೆಸಬೇಡ.

ಪಠ್ಯಕ್ಕೂ ತಂತ್ರಾಂಶಕ್ಕೂ ಒಂದು ರೂಪಾಯಿಯೂ ಕೊಡಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಎಂಎಚ್‌ಗ್ಯಾಪ್ ಕೈಪಿಡಿಯಲ್ಲಿ ತಜ್ಞರಲ್ಲದ ವೈದ್ಯರಿಗೆಂದೇ ಬರೆದ ಡಿಮೆನ್ಷಿಯಾ ಭಾಗವಿದೆ; ಆರೈಕೆ ಮಾಡುವ ಮನೆಯವರಿಗೆ ಅದೇ ಸಂಸ್ಥೆಯ ಐಸಪೋರ್ಟ್ ಎಂಬ ತರಬೇತಿ ಪಠ್ಯ ಇದೆ. ನಮ್ಮ ನಿಮ್ಹಾನ್ಸ್ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಎಕೋ ಮಾದರಿಯಲ್ಲಿ ದೂರದ ವೈದ್ಯರಿಗೆ ಪಾಠ ಮಾಡುತ್ತಾ ಬಂದಿದೆ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ಶುರು ಮಾಡಿದ ಪದ್ಧತಿ ಅದು. ತಜ್ಞರು ಒಂದು ಕಡೆ, ಹಳ್ಳಿಯ ವೈದ್ಯರು ಹತ್ತಾರು ಕಡೆ. ಪಾಠ ಚಿಕ್ಕದು, ರೋಗಿಯ ಚರ್ಚೆ ದೊಡ್ಡದು. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಶುರು ಮಾಡಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮದ ಹೆಸರನ್ನು ಪ್ರಸ್ತಾವನೆಯಲ್ಲಿ ಸೇರಿಸು. ನಿನ್ನದು ಅದರ ಕೈಕೆಳಗಿನ ಕೆಲಸ ಎಂದು ಕಂಡರೆ ಒಪ್ಪಿಗೆ ಸಿಗುವುದು ಸುಲಭ, ರೋಗಿಯನ್ನು ಮುಂದೆ ಕಳಿಸಲು ಒಂದು ಜಾಗವೂ ಗೊತ್ತಾದಂತಾಯಿತು.

ಹಾಗಾದರೆ ಹಣ ಯಾವುದಕ್ಕೆ? ನಲವತ್ತು ಜನರ ಒಂದು ತಂಡ ಎಂದಿಟ್ಟುಕೋ. ನಾಲ್ಕು ನಾಲ್ಕು ಜನ ಸೇರಿ ಹತ್ತು ಕೇಂದ್ರಗಳಲ್ಲಿ ಕೂರಲಿ. ಹದಿನೈದು ದಿನಕ್ಕೊಂದರಂತೆ ಹನ್ನೆರಡು ತರಗತಿ, ಒಂದೊಂದೂ 75 ನಿಮಿಷ. ಮೊದಲ ಇಪ್ಪತ್ತು ನಿಮಿಷ ಪಾಠ, ಉಳಿದದ್ದು ಇಬ್ಬರು ರೋಗಿಗಳ ಚರ್ಚೆ. ಆರು ತಿಂಗಳಲ್ಲಿ 24 ರೋಗಿಗಳ ಚರ್ಚೆಯಾಗುತ್ತದೆ. ಇದಕ್ಕೆ ಬೇಕಾದ ದೊಡ್ಡ ಖರ್ಚು ಒಬ್ಬ ಸಂಯೋಜಕಿಯ ಸಂಬಳ. ಆಕೆ ಪ್ರತಿ ತರಗತಿಗೆ ಮೂರು ದಿನ ಮೊದಲು ರೋಗಿಯ ಒಂದು ಪುಟದ ವಿವರ ತರಿಸಬೇಕು, ಹೆಸರು-ಊರು ಅಳಿಸಬೇಕು, ತರಗತಿಯ ಮರುದಿನ ತಜ್ಞರ ಸಲಹೆಯನ್ನು ಬರೆದು ಕಳಿಸಬೇಕು, ತಿಂಗಳ ನಂತರ ಏನಾಯಿತೆಂದು ಕೇಳಬೇಕು. ಸಂಯೋಜಕಿ ಇಲ್ಲದ ಕಡೆ ಮೂರನೆಯ ತರಗತಿಗೆ ರೋಗಿಯ ವಿವರವೇ ಬರುವುದಿಲ್ಲ, ಐದನೆಯದಕ್ಕೆ ಜನವೇ ಬರುವುದಿಲ್ಲ. ಉಳಿದ ಬಾಬ್ತುಗಳು ತಜ್ಞರ ಗೌರವಧನ, ಮನೆ ಭೇಟಿಯ ಪ್ರಯಾಣ ಭತ್ಯೆ, ಸ್ಥಳೀಯ ಭಾಷೆಗಳ ಧ್ವನಿಮುದ್ರಣ, ಮುದ್ರಣ. ದರಗಳನ್ನು ಅಂದಾಜಿನಲ್ಲಿ ಹಾಕಬೇಡ. ರಾಜ್ಯದ ಚಾಲ್ತಿ ಸುತ್ತೋಲೆಯ ದರ ಹಾಕಿ ಅದರ ಪ್ರತಿಯನ್ನು ಲಗತ್ತಿಸು. ಇಂಟರ್‌ನೆಟ್ ಖರ್ಚು ನೀನು ಬರೆದಷ್ಟಿಲ್ಲ. ಒಂದು ತರಗತಿಗೆ ಹೆಚ್ಚೆಂದರೆ ಒಂದೆರಡು ಜಿಬಿ.

ಪ್ರತಿಯೊಬ್ಬರೂ ಅವರವರ ಮೊಬೈಲಿನಲ್ಲೇ ಸೇರಲಿ ಎಂಬ ಮಾತು ಬರುತ್ತದೆ. ಒಪ್ಪಬೇಡ. ಲಿಂಕ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟು ಓಪಿಡಿ ನೋಡುತ್ತಾರೆ. ಹಾಜರಾತಿ ನೂರಕ್ಕೆ ನೂರು, ಕಲಿತದ್ದು ಏನೂ ಇಲ್ಲ. ನಾಲ್ವರು ಒಂದೇ ಕೋಣೆಯಲ್ಲಿ ಕೂತರೆ ವೈದ್ಯರು ಏನು ಹೇಳಿದರೆಂದು ನರ್ಸ್‌ಗೆ, ಮನೆಯಲ್ಲಿ ಏನು ನಡೆಯುತ್ತಿದೆಯೆಂದು ವೈದ್ಯರಿಗೆ ಅಲ್ಲೇ ತಿಳಿಯುತ್ತದೆ. ಮಧ್ಯಾಹ್ನ ಎರಡೂವರೆಯ ಹೊತ್ತು ಒಳ್ಳೆಯದು. ಲಸಿಕೆಯ ದಿನ ಬೇಡ. ಆ 75 ನಿಮಿಷ ಕರ್ತವ್ಯದ ಅವಧಿ ಎಂದು ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಅವರಿಂದ ಲಿಖಿತ ಆದೇಶ ಮಾಡಿಸು, ಇಲ್ಲದಿದ್ದರೆ ಇನ್ನೊಂದು ವರದಿಯ ನೆಪದಲ್ಲಿ ಅವರನ್ನು ಎಬ್ಬಿಸಿಕೊಂಡು ಹೋಗುತ್ತಾರೆ. ವೈದ್ಯರಿಗೆ ವೈದ್ಯಕೀಯ ಪರಿಷತ್ತಿನ ಕ್ರೆಡಿಟ್ ಅಂಕ ಸಿಗುವಂತೆ ಮೊದಲೇ ಅರ್ಜಿ ಹಾಕು.

ನಮ್ಮ ಮಳೆ ನಿನಗೆ ಹೇಳಿಕೊಡಬೇಕೇ? ಜೂನ್‌ನಿಂದ ಆಗಸ್ಟ್‌ವರೆಗೆ ತರಗತಿ ಇಡಬೇಡ. ಮರ ಬಿದ್ದು ಕರೆಂಟು ಹೋದರೆ, ಟವರಿನ ಬ್ಯಾಟರಿಯೂ ಖಾಲಿಯಾದರೆ, ನಾಪೋಕ್ಲು ಭಾಗಮಂಡಲದ ಕಡೆಯವರು ದಿನಗಟ್ಟಲೆ ಸಿಗುವುದಿಲ್ಲ. ಸೆಪ್ಟೆಂಬರ್ ಎರಡನೆಯ ವಾರ, ಕೈಲ್‌ಪೊಳ್ದು ಹಬ್ಬ ಮುಗಿದ ಮೇಲೆ ಶುರು ಮಾಡು. ಅಕ್ಟೋಬರ್ ನಡುವಿನ ಕಾವೇರಿ ತೀರ್ಥೋದ್ಭವದ ವಾರ, ಪುತ್ತರಿ ಹಬ್ಬದ ವಾರ ಬಿಡು. ಫೆಬ್ರವರಿ ಕೊನೆಯೊಳಗೆ ಹನ್ನೆರಡೂ ಮುಗಿಯುತ್ತವೆ. ಆದರೂ ನೆಟ್‌ವರ್ಕ್ ಕೈಕೊಡುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿ: ಪಾಠದ ವಿಡಿಯೋ ಪೆನ್‌ಡ್ರೈವ್‌ನಲ್ಲಿ ಮುಂಚೆಯೇ ತಲುಪಿರಲಿ, ರೋಗಿಯ ವಿವರ ಕಾಗದದಲ್ಲಿ ಇರಲಿ, ವಿಡಿಯೋ ನಿಂತರೆ ಸಾಮಾನ್ಯ ಫೋನ್ ಕರೆಯಲ್ಲೇ ಚರ್ಚೆ ಮುಂದುವರಿಯಲಿ. ಈ ಕೆಲಸಕ್ಕೆ ಮುಖ ಕಾಣುವುದಕ್ಕಿಂತ ಮಾತು ಕೇಳಿಸುವುದು ಮುಖ್ಯ. ಹಾಗಾಗಿ ಕ್ಯಾಮೆರಾ ತೆಗೆದುಹಾಕಿ ಒಳ್ಳೆಯ ಮೈಕ್-ಸ್ಪೀಕರ್ ಹಾಕು.

ಇನ್ನು ಏನು ಕಲಿಸಬೇಕು ಎನ್ನುವುದು. ಇದಕ್ಕೆ ನಿನ್ನ ಕರಡಿನಲ್ಲಿ ಎರಡೇ ಸಾಲಿದೆ, ಆದರೆ ಹಣ ಸಾರ್ಥಕವಾಗುವುದು ಇಲ್ಲೇ.

ಮೊದಲ ಮೂರು ತರಗತಿ ಪೂರ್ತಿ ಗುರುತಿಸುವುದಕ್ಕೆ ಇರಲಿ. ಎರಡು ದಿನದಲ್ಲಿ ದಿಢೀರನೆ ಗೊಂದಲ ಬಂದಿದ್ದರೆ ಅದು ಡಿಮೆನ್ಷಿಯಾ ಅಲ್ಲ, ಡೆಲಿರಿಯಂ. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಇಳಿದಿರುವುದು, ಹೊಸ ಮಾತ್ರೆ, ಇವನ್ನು ಅದೇ ದಿನ ಹುಡುಕಬೇಕು. ನಿಧಾನವಾಗಿ ಬಂದಿದ್ದರೂ ಥೈರಾಯ್ಡ್, ಬಿ12, ಸಕ್ಕರೆ, ರಕ್ತಹೀನತೆ ನೋಡದೆ ಹೆಸರಿಡಬಾರದು. ಖಿನ್ನತೆಯನ್ನು ಕೇಳಿಯೇ ತಿಳಿಯಬೇಕು. ನಮ್ಮ ಜಿಲ್ಲೆಯಲ್ಲಿ ಇನ್ನೆರಡನ್ನು ಬಿಡುವಂತಿಲ್ಲ. ಒಂದು ಕುಡಿತ: ವರ್ಷಗಟ್ಟಲೆ ಕುಡಿದವರಲ್ಲಿ ಥಯಮಿನ್ (ಬಿ1 ಜೀವಸತ್ವ) ಕೊರತೆ. ಇನ್ನೊಂದು ಬಿದ್ದ ಪೆಟ್ಟು: ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತಲೆಗೆ ಪೆಟ್ಟಾದವರಿಗೆ ವಾರಗಳ ನಂತರ ಮಿದುಳಿನ ಹೊರಪದರದ ಕೆಳಗೆ ರಕ್ತ ಕಟ್ಟಿ ಮರೆವು, ತೂಕಡಿಕೆ ಬರಬಹುದು. ಸಿಟಿ ತೆಗೆಸಿದರೆ ಗೊತ್ತಾಗುತ್ತದೆ, ಶಸ್ತ್ರಚಿಕಿತ್ಸೆಯಿಂದ ವಾಸಿಯಾಗುವಂಥದ್ದು. ಅದನ್ನು ವಯಸ್ಸಿನ ಮರೆವು ಎಂದು ಮನೆಗೆ ಕಳಿಸಿದರೆ ಒಬ್ಬ ಮನುಷ್ಯನನ್ನು ಕಳೆದುಕೊಂಡಂತೆ.

ಪರೀಕ್ಷೆಯ ಪ್ರಶ್ನೆಗಳಲ್ಲಿ ಎಚ್ಚರ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷಾ ಸಲಕರಣೆ ಕನ್ನಡದಲ್ಲೂ ಇದೆ. ಆದರೆ ಮನೆಯಲ್ಲಿ ಯರವ ಭಾಷೆ ಆಡುವ, ಶಾಲೆಗೆ ಹೋಗದ ಅಜ್ಜಿಗೆ ನೂರರಿಂದ ಏಳೇಳು ಕಳೆ ಎಂದು ಕನ್ನಡದಲ್ಲಿ ಕೇಳಿದರೆ ಆಕೆ ಸೋಲುತ್ತಾಳೆ. ಅದು ಮೆದುಳಿನ ಸೋಲಲ್ಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಆಡುವವರಿಗೂ ಇದೇ ಮಾತು. ಆದ್ದರಿಂದ ದಿನನಿತ್ಯದ ಕೆಲಸಗಳ ಬಗ್ಗೆ ಮನೆಯವರನ್ನು ಕೇಳುವುದನ್ನು ಮೊದಲು ಕಲಿಸು: ಸಂತೆಗೆ ಹೋಗಿ ಲೆಕ್ಕ ತರುತ್ತಿದ್ದವರು ಈಗ ತರುತ್ತಾರೆಯೇ, ಒಲೆ ಆರಿಸುತ್ತಾರೆಯೇ, ದಾರಿ ತಪ್ಪುತ್ತಾರೆಯೇ, ಇದು ಯಾವಾಗಿನಿಂದ. ಈ ಪ್ರಶ್ನೆಗಳ ಧ್ವನಿಮುದ್ರಣಕ್ಕೇ ನಾನು ಹಣ ಇಡು ಎಂದದ್ದು.

ಔಷಧಿಗೆ ಎರಡು ತರಗತಿ ಸಾಕು. ಮರೆವಿಗೆ ಕೊಡುವ ಡೊನೆಪೆಜಿಲ್ ಮಾತ್ರೆ 5 ಮಿ.ಗ್ರಾಂನಿಂದ ಶುರು, ನಾಲ್ಕಾರು ವಾರದ ನಂತರ ಸಹಿಸಿದರೆ 10. ಕೊಡುವ ಮುಂಚೆ ನಾಡಿ ನೋಡಬೇಕು, ಏಕೆಂದರೆ ಹೃದಯ ಬಡಿತ ನಿಧಾನವಾಗಿ ತಲೆ ತಿರುಗಿ ಬೀಳಬಹುದು. ಅದಕ್ಕಿಂತ ಮುಖ್ಯವಾಗಿ ಯಾವುದನ್ನು ನಿಲ್ಲಿಸಬೇಕೆಂದು ಕಲಿಸಬೇಕು. ಶೀತಕ್ಕೆ ಕೊಡುವ ಕ್ಲೋರ್‌ಫೆನಿರಮೈನ್, ನಿದ್ದೆಗೆಂದು ಕೊಡುವ ಅಮಿಟ್ರಿಪ್ಟಿಲಿನ್, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಇವು ಮರೆವನ್ನು ಹೆಚ್ಚಿಸುತ್ತವೆ. ಗಲಾಟೆ ಮಾಡುತ್ತಾರೆಂದು ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಬರೆದು ವರ್ಷಗಟ್ಟಲೆ ಬಿಡುವುದು ಅಪಾಯ: ಪಾರ್ಶ್ವವಾಯು ಮತ್ತು ಸಾವಿನ ಸಂಭವ ಹೆಚ್ಚುತ್ತದೆ, ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾ ಇರುವವರಿಗಂತೂ ಮೈ ಸೆಟೆದುಕೊಳ್ಳುತ್ತದೆ. ಕೊಡಲೇಬೇಕಾದರೆ ಅತಿ ಕಡಿಮೆ ಪ್ರಮಾಣ, ಆರು ವಾರಕ್ಕೊಮ್ಮೆ ಮರುಪರಿಶೀಲನೆ. ಕಲಿಸುವ ಮೊದಲು ಈ ಮಾತ್ರೆಗಳೂ ರಕ್ತ ಪರೀಕ್ಷೆಯೂ ಕೇಂದ್ರಕ್ಕೆ ಎಲ್ಲಿಂದ ಬರುತ್ತವೆಂದು ಉಗ್ರಾಣದವರ ಜೊತೆ ಮಾತಾಡಿಕೋ.

ಉಳಿದ ಏಳು ತರಗತಿ ಮನೆಯ ಆರೈಕೆಗೆ. ಗಲಾಟೆಗೆ ಮೊದಲು ಏನಾಗಿತ್ತು, ಆಗ ಏನು ಮಾಡಿದರು, ಆಮೇಲೆ ಏನಾಯಿತು ಎಂದು ಮೂರು ಅಂಕಣದಲ್ಲಿ ಒಂದು ವಾರ ಬರೆಸಿದರೆ ಅರ್ಧ ಕಾರಣ ಸಿಗುತ್ತದೆ: ನೋವು, ಮಲಬದ್ಧತೆ, ಹಸಿವು, ಸಂಜೆಗತ್ತಲು. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಮಗ ಸೊಸೆ ಇಬ್ಬರೂ ಬೆಳಿಗ್ಗೆ ತೋಟಕ್ಕೆ ಹೋದರೆ ಹಿರಿಯರು ಸಂಜೆವರೆಗೆ ಒಬ್ಬರೇ. ಬೀಗ ಹಾಕಿ ಹೋಗುವವರನ್ನು ಬೈದು ಪ್ರಯೋಜನವಿಲ್ಲ. ಪಕ್ಕದ ಮನೆಯವರ ಸರದಿ, ಎಸ್ಟೇಟಿನ ರೈಟರ್ (ಗುಮಾಸ್ತ) ಜೊತೆ ಮಾತು, ಕೊರಳಲ್ಲಿ ಫೋನ್ ನಂಬರಿನ ಚೀಟಿ, ಇಂಥ ಉಪಾಯಗಳನ್ನು ಆಶಾ ಕಾರ್ಯಕರ್ತೆಯ ಜೊತೆ ಕೂತು ಮಾಡಬೇಕು. ಸಿದ್ದಾಪುರದ ಕಡೆ ಆನೆ ಓಡಾಡುವ ತೋಟಗಳಲ್ಲಿ ಮನೆಬಿಟ್ಟು ನಡೆಯುವ ರೋಗಿಗೆ ಅರಣ್ಯ ಇಲಾಖೆಯವರ ನಂಬರೂ ಬೇಕು. ಆರೈಕೆ ಮಾಡುವ ಸೊಸೆಗೋ ಮಗಳಿಗೋ ನಿದ್ದೆ ಇದೆಯೇ ಎಂದು ಕೇಳದೆ ಯಾವ ಮನೆ ಭೇಟಿಯನ್ನೂ ಮುಗಿಸಬಾರದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್‌ನ 14416, ಹಿರಿಯರ ಸಹಾಯವಾಣಿ 14567, ಎರಡನ್ನೂ ಗೋಡೆಗೆ ಅಂಟಿಸುವ ಕಾಗದದಲ್ಲಿ ಅಚ್ಚು ಹಾಕಿಸು.

ಫಲಿತಾಂಶ ತೋರಿಸಲು ಮೊದಲು-ನಂತರದ ಪರೀಕ್ಷೆಯ ಅಂಕ ಸಾಲದು. ಹೊಸದಾಗಿ ಗುರುತಿಸಿದವರೆಷ್ಟು, ಅವರಲ್ಲಿ ಥೈರಾಯ್ಡ್-ಬಿ12 ಆದವರೆಷ್ಟು, ವಾಸಿಯಾಗುವ ಕಾರಣ ಸಿಕ್ಕವರೆಷ್ಟು, ನಿಲ್ಲಿಸಿದ ಮಾತ್ರೆಗಳೆಷ್ಟು, ಎರಡನೆಯ ಮನೆ ಭೇಟಿ ಆದ ಮನೆಗಳೆಷ್ಟು. ಈ ಐದನ್ನು ಮೂರನೆಯ ಮತ್ತು ಆರನೆಯ ತಿಂಗಳಲ್ಲಿ ಎಣಿಸು. ಮುಂದಿನ ವರ್ಷ ಹಣ ಕೇಳುವಾಗ ಇವೇ ನಿನ್ನ ಪರವಾಗಿ ಮಾತಾಡುತ್ತವೆ.

ಮಂಜೂರಾದ ಹಣ ಕೈಗೆ ಬರುವುದು ತಡವಾಗುತ್ತದೆ. ಕೊನೆಗೆ ಮಾರ್ಚ್‌ನಲ್ಲಿ ಎಲ್ಲವನ್ನೂ ಮೂರು ದಿನದಲ್ಲಿ ಮುಗಿಸಿ ಎಂಬ ಒತ್ತಡ ಬರುತ್ತದೆ. ಅದಕ್ಕೇ ಯೋಜನೆಯನ್ನು ಎರಡು ಭಾಗ ಮಾಡು. ತರಗತಿಗಳ ಪಠ್ಯ, ತಂತ್ರಾಂಶ ಉಚಿತ, ಹಣ ಬರದಿದ್ದರೂ ಅವು ಸೆಪ್ಟೆಂಬರ್‌ನಲ್ಲಿ ಶುರುವಾಗಲಿ. ಸಂಯೋಜಕಿಯ ಕೆಲಸವನ್ನು ಅಲ್ಲಿಯವರೆಗೆ ಮಾನಸಿಕ ಆರೋಗ್ಯ ತಂಡದ ಸಮಾಜ ಕಾರ್ಯಕರ್ತರು ನೋಡಿಕೊಳ್ಳಲಿ ಎಂದು ಬರಹದಲ್ಲೇ ಒಪ್ಪಿಗೆ ಪಡೆ. ಪ್ರತಿ ತರಗತಿಯ ಹಾಜರಿ, ವೋಚರ್, ಪ್ರಯಾಣದ ಬಿಲ್ಲು ಅದೇ ವಾರ ಕಡತಕ್ಕೆ ಸೇರಲಿ. ಬಳಕೆ ಪ್ರಮಾಣಪತ್ರ ತಡವಾದರೆ ಮುಂದಿನ ಕಂತು ನಿಲ್ಲುತ್ತದೆ.

ತಿದ್ದಿದ ಕರಡನ್ನೂ ಬಜೆಟ್ ಹಾಳೆಯನ್ನೂ ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಡುವ ಮೊದಲು ನನಗೊಮ್ಮೆ ಕಳಿಸು. ಒಂದೊಂದು ಸಾಲಿನ ಎದುರು ಯಾವ ಬಾಬ್ತು, ಯಾವ ಸುತ್ತೋಲೆ ಎಂದು ಪೆನ್ಸಿಲ್‌ನಲ್ಲಿ ಬರೆದು ವಾರದೊಳಗೆ ಹಿಂತಿರುಗಿಸುತ್ತೇನೆ. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ಪ್ರೀತಿಯ
ಮಾವ