ವೀಟಿಯ ಗುಮ್ಮಟಕ್ಕೆ ಬೇಗಡೆ

ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದ್ದಾರೆ. ನಾಳೆ ಬೆಳಿಗ್ಗೆ ಹತ್ತರೊಳಗೆ ನಮ್ಮ ಸಂಘದ ಪತ್ರಿಕೆಯ ಪುಟಗಳು ಅವರಿಗೆ ಸೇರಬೇಕು. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ರಾಜ್ಯೋತ್ಸವದ ಬಗ್ಗೆ ಬರೆಯೋಣ ಅಂತಲೇ ಕೂತೆ. ಆದರೆ ಮನಸ್ಸು ಭಾನುವಾರದ ಮಕ್ಕಳ ಡ್ರಾಯಿಂಗ್ ಕ್ಲಾಸಿನಲ್ಲೇ ನಿಂತುಬಿಟ್ಟಿದೆ. ಅದನ್ನೇ ಬರೆಯುತ್ತೇನೆ.

ಈ ಸಲ ನಮ್ಮ ಡ್ರಾಯಿಂಗ್ ಮಾಸ್ಟ್ರು ಮಕ್ಕಳಿಗೆ ಮುಂಬೈಯ ಹಳೇ ಕಟ್ಟಡಗಳನ್ನು ಕೊಟ್ಟಿದ್ದಾರೆ. ರಾಜಾಬಾಯಿ ಟವರ್, ಗೇಟ್‌ವೇ, ವೀಟಿ. (ಅಂದರೆ ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣ. 1996ರಲ್ಲೇ ಹೆಸರು ಬದಲಾದರೂ ನಮ್ಮ ಬಾಯಲ್ಲಿ ಇನ್ನೂ ವೀಟಿಯೇ.) ಬರೀ ಬಣ್ಣ ಸಾಲದು. ಹಲಗೆಯ ಮೇಲೆ ಉಬ್ಬುತಗ್ಗು ತರುವ ಟೆಕ್ಸ್ಚರ್ ಪೇಸ್ಟ್, ಮುದುಡಿದ ಟಿಶ್ಯೂ ಕಾಗದ, ಹಳೇ ಪೇಪರಿನ ಚೂರು, ಆಮೇಲೆ ಅಕ್ರಿಲಿಕ್ ಬಣ್ಣ, ಕೊನೆಗೆ ಮಣಿ, ಚಮಕಿ, ಚಿನ್ನದ ಬಣ್ಣದ ತೆಳು ಹಾಳೆ. ಮಿಕ್ಸ್ಡ್ ಮೀಡಿಯಾ ಅನ್ನುತ್ತಾರೆ ಇದಕ್ಕೆ.

ಮಗನನ್ನು ಕರೆದೊಯ್ಯಲು ಬಂದ ಒಬ್ಬರು ಕೇಳಿದರು, "ಇಷ್ಟು ಗಂಭೀರವಾದ ಕಟ್ಟಡಕ್ಕೆ ಚಮಕಿ ಯಾಕೆ?" ಮೂಲೆಯಲ್ಲಿ ಕೂತು ವೀಟಿ ಬರೆಯುತ್ತಿದ್ದ ಎಂಟು ವರ್ಷದ ಹುಡುಗಿ ತಲೆ ಎತ್ತದೇ ಹೇಳಿದಳು: "ಆಕಾಶ ಎಲ್ಲ ಕಪ್ಪು ಮಾಡಿದ್ದೀನಲ್ಲ ಅಂಕಲ್. ಸುತ್ತ ಕಪ್ಪಿದ್ರೆ ತಾನೇ ಚಮಕಿ ಕಾಣೋದು?"

ಇದೇ ಮಾತನ್ನು ನಾನು ನಲವತ್ತು ವರ್ಷದ ಹಿಂದೆ ಕೇಳಿದ್ದೆ.

ಕುಂದಾಪುರದ ಕಡೆ ನನ್ನ ಅಜ್ಜಿಮನೆ. ಅಲ್ಲಿ ಸೋದರಮಾವ ಯಕ್ಷಗಾನದ ವೇಷಸಾಮಗ್ರಿ ರಿಪೇರಿ ಮಾಡುತ್ತಿದ್ದರು. ಮಳೆಗಾಲದಲ್ಲಿ ಮೇಳದ ತಿರುಗಾಟ ಇಲ್ಲ ನೋಡಿ, ಆಗ ಅವರಿಗೆ ಕೈತುಂಬ ಕೆಲಸ. ಚಾವಡಿಯ ತುಂಬ ಕಿರೀಟ, ಭುಜಕೀರ್ತಿ, ಎದೆಪದಕ. ಹೊರಗೆ ಆಷಾಢದ ಮಳೆ ಹೊಡೆಯುತ್ತಿದ್ದರೆ ಒಳಗೆ ಹುಣಸೆಬೀಜದ ಅಂಟು ಕುದಿಯುವ ವಾಸನೆ. ಹಗುರ ಮರದ ತುಂಡಿನ ಮೇಲೆ ಮಾವ ಬೇಗಡೆ, ಅಂದರೆ ಹೊಳೆಯುವ ತೆಳು ಹಾಳೆ, ಇಟ್ಟು ಹೆಬ್ಬೆರಳಿನಿಂದ ಮೆತ್ತಗೆ ಒತ್ತುತ್ತಿದ್ದರು. ಗಟ್ಟಿಯಾಗಿ ಒತ್ತಿದರೆ ಹರಿಯುತ್ತದೆ. ಉಸಿರು ಬಿಟ್ಟರೂ ಹಾರುತ್ತದೆ. ನನ್ನ ಕೆಲಸ ಕನ್ನಡಿಚೂರು ಆರಿಸಿಕೊಡುವುದು. ಒಂದು ಮಧ್ಯಾಹ್ನ ಅವರು ಊಟಕ್ಕೆ ಎದ್ದಾಗ ನಾನೇ ಒಂದು ಪದಕಕ್ಕೆ ಒಂದಿಷ್ಟೂ ಜಾಗ ಬಿಡದೆ ಬೇಗಡೆ ಹಚ್ಚಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ರಾತ್ರಿಯಾಗುವವರೆಗೆ ಕಾದು, ಗ್ಯಾಸ್‌ಲೈಟ್ ಹಚ್ಚಿ, ನನ್ನದನ್ನೂ ಅವರದನ್ನೂ ಪಕ್ಕಪಕ್ಕ ಇಟ್ಟರು. ನನ್ನದು ಬರೀ ತಗಡಿನ ಹಾಗೆ ಕಂಡಿತು. ಅವರದರಲ್ಲಿ ಬೇಗಡೆಯ ಸುತ್ತ ಕಪ್ಪು ಇತ್ತು, ಕೆಂಪು ಇತ್ತು. ದೀಪ ಅಲ್ಲಾಡಿದ ಹಾಗೆ ಅದು ಉಸಿರಾಡುತ್ತಿತ್ತು. "ಸುತ್ತ ಕಪ್ಪು ಬಿಡ್ಕ್ ಮಗಾ, ಇಲ್ದಿರೆ ದೇವೇಂದ್ರನೂ ಡಬ್ಬಿ ಕಂಡಂಗೆ ಕಾಣ್ತ" ಅಂದರು.

ಮಾವ ಈಗ ಇಲ್ಲ. ಅವರ ಮಾತು ಮುಂಬೈಯಲ್ಲಿ ಹುಟ್ಟಿದ, ಬಡಗುತಿಟ್ಟಿನ ಯಕ್ಷಗಾನ ಅಂದರೇನೆಂದು ಗೊತ್ತಿಲ್ಲದ ಮಗುವಿನ ಬಾಯಲ್ಲಿ ಬಂತು. ಆ ಹೊತ್ತಿನಲ್ಲಿ ನನಗೆ ಏನೂ ಮಾತಾಡಲು ಆಗಲಿಲ್ಲ.

ಚಮಕಿ ಎಲ್ಲಿ ಇಡಬೇಕು ಅಂತ ತಿಳಿಯಬೇಕಾದರೆ ಕಟ್ಟಡವನ್ನು ನಿಂತು ನೋಡಬೇಕು. ಅದಕ್ಕೇ ಮಾಸ್ಟ್ರು ಮೊದಲ ವಾರ ಕುಂಚವನ್ನೇ ಮುಟ್ಟಿಸಲಿಲ್ಲ, ಮಕ್ಕಳನ್ನು ವೀಟಿಗೆ ಕರೆದೊಯ್ದರು. ಮೂವತ್ತು ವರ್ಷ ಅಲ್ಲಿ ಇಳಿದು ಹತ್ತಿದವರು ನಾವು. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ ಕೂತಿರುವುದನ್ನು ಎಷ್ಟು ಜನ ನೋಡಿದ್ದೇವೆ? ಗುಮ್ಮಟದ ಮೇಲಿನ ಹೆಂಗಸಿನ ಕೈಯಲ್ಲಿ ದೀವಟಿಗೆ ಮತ್ತು ಚಕ್ರ ಇದೆ. 1878ರಲ್ಲಿ ಕೆಲಸ ಶುರುವಾಗಿ ಮುಗಿಯಲು ಹತ್ತು ವರ್ಷ ಬೇಕಾಯಿತು. ನಕ್ಷೆ ಎಫ್. ಡಬ್ಲ್ಯು. ಸ್ಟೀವನ್ಸ್ ಅವರದು. ಆದರೆ ಎಲೆ ಬಳ್ಳಿ, ಪ್ರಾಣಿ ಪಕ್ಷಿಗಳ ಕೆತ್ತನೆಯಲ್ಲಿ ಕೈಯಾಡಿಸಿದವರು ಇಲ್ಲಿನ ಕಲಾಶಾಲೆಯ ವಿದ್ಯಾರ್ಥಿಗಳು. ಅದೇ ಜೆ. ಜೆ. ಸ್ಕೂಲ್ ಆಫ್ ಆರ್ಟ್. ನಮ್ಮ ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದ ಚಿತ್ರಕಾರ ಕೆ. ಕೆ. ಹೆಬ್ಬಾರರು ಕಲಿತದ್ದೂ ಕಲಿಸಿದ್ದೂ ಅದೇ ಶಾಲೆಯಲ್ಲಿ. ಇದನ್ನು ಕೇಳಿದ ಮೇಲೆ ಹುಡುಗರು ಕೆತ್ತನೆಯ ಬಳ್ಳಿಗಳನ್ನು ಹತ್ತಿರ ಹೋಗಿ ನೋಡಿದರು.

ಸಾಮಾನು ತರಲು ಅಲ್ಲಿಂದ ಅಬ್ದುಲ್ ರೆಹಮಾನ್ ಸ್ಟ್ರೀಟಿಗೆ ಹೋದೆವು. ದಾರಿಯಲ್ಲಿ ಕ್ರಾಫರ್ಡ್ ಮಾರ್ಕೆಟ್, 1869ರದ್ದು. ಬಾಗಿಲ ಮೇಲಿನ ರೈತರ ಕೆತ್ತನೆಯ ವಿನ್ಯಾಸ ಲಾಕ್‌ವುಡ್ ಕಿಪ್ಲಿಂಗ್ ಅವರದು. ಅವರೂ ಜೆ. ಜೆ.ಯಲ್ಲಿ ಮಾಸ್ಟ್ರಾಗಿದ್ದವರೇ.

ಮನೆಯಲ್ಲಿ ಮಾಡುವವರಿಗೆ ಮಾಸ್ಟ್ರು ಹೇಳಿದ ನಾಲ್ಕು ಮಾತು. ತೆಳು ಕಾಗದ ಬೇಡ, ಅಂಟಿನ ತೇವಕ್ಕೆ ಸುರುಟಿಕೊಳ್ಳುತ್ತದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಒಳ್ಳೆಯದು. ಪೇಸ್ಟ್ ಪೂರ್ತಿ ಒಣಗದೆ ಬಣ್ಣ ಮುಟ್ಟಬೇಡಿ, ನಮ್ಮ ಈ ತೇವದ ಹವೆಯಲ್ಲಿ ಒಂದು ದಿನ ಜಾಸ್ತಿಯೇ ಬಿಡಿ. ಆಮೇಲೆ ನೀರಾದ ಕಂದು ಬಣ್ಣ ಹಾಕಿ ಒರೆಸಿದರೆ ಸಂದಿಗಳಲ್ಲಿ ಉಳಿದು ಕಲ್ಲಿನ ಹಾಗೆ ಕಾಣುತ್ತದೆ. ಫೆವಿಕಾಲ್ ಹಚ್ಚಿದಾಗ ಬೆಳ್ಳಗಿದ್ದರೆ ಹೆದರಬೇಡಿ, ಒಣಗಿದರೆ ಕಾಣುವುದಿಲ್ಲ. ಚಮಕಿ ಕೊನೆಗೆ. ಚಿನ್ನದ ಬಣ್ಣದ ಹಾಳೆ ಸಾಮಾನ್ಯವಾಗಿ ಹಿತ್ತಾಳೆಯದು, ವಾರ್ನಿಶ್ ಹಾಕದಿದ್ದರೆ ಕಪ್ಪಾಗುತ್ತದೆ. ಹೋದ ವರ್ಷ ನಾವು ವಾರ್ನಿಶ್ ಮರೆತ ಚಿತ್ರ ಸಂಘದ ಹಾಲ್‌ನಲ್ಲಿ ಹಾಗೇ ಕಪ್ಪಾಗಿದೆ, ನೋಡಿದಾಗೆಲ್ಲ ಬೇಜಾರಾಗುತ್ತದೆ.

ಈಗ ಅವಸರದಲ್ಲಿ ಸೂಚನೆಗಳು. ನವೆಂಬರ್ 1ರ ಸಂಜೆ 5ಕ್ಕೆ ಸಂಘದ ಹಾಲ್‌ನಲ್ಲಿ ರಾಜ್ಯೋತ್ಸವ. ಮಕ್ಕಳ ಚಿತ್ರಗಳೂ ಅಲ್ಲೇ. ತಾಳಮದ್ದಳೆ 7ಕ್ಕೆ. ಊಟ ಇದೆ, ಎಷ್ಟು ಜನ ಬರುತ್ತೀರಿ ಅಂತ ಮೊದಲೇ ತಿಳಿಸಿ. ಸದಸ್ಯತ್ವದ ಹಣ ಬಾಕಿ ಇರುವವರು ಅಂದೇ ಕೊಡಬಹುದು. ಕನ್ನಡ ಅಕ್ಷರ ಕಲಿಸುವ ತರಗತಿ ದೀಪಾವಳಿ ರಜೆ ಮುಗಿದ ಮೇಲೆ ಮತ್ತೆ ಶುರು. ಹಳೇ ಸೀರೆಯ ಜರಿ ಅಂಚು, ಒಡೆದ ಬಳೆ, ಹರಿದ ಸರದ ಮಣಿ ಇದ್ದರೆ ಬಿಸಾಡಬೇಡಿ, ನಮಗೆ ಕೊಡಿ.

ಇನ್ನೊಂದು ವಿಷಯ. ಹನ್ನೆರಡು ವರ್ಷ ಒಂದು ಭಾನುವಾರವೂ ತಪ್ಪಿಸದೆ ಕಲಿಸಿದ ನಮ್ಮ ಮಾಸ್ಟ್ರು ನವೆಂಬರಿನಲ್ಲಿ ಮಂಗಳೂರಿಗೆ, ಮಗಳ ಮನೆಗೆ ಹೊರಡುತ್ತಿದ್ದಾರೆ. ಮೊಣಕಾಲು ನೋವು, ಲೋಕಲ್ ಹತ್ತಲು ಆಗುತ್ತಿಲ್ಲ. ಅವರ ಜಾಗಕ್ಕೆ ಯಾರೂ ಸಿಕ್ಕಿಲ್ಲ. ದೊಡ್ಡ ಕಲಾವಿದರೇ ಬೇಕೆಂದಿಲ್ಲ. ಭಾನುವಾರ ಎರಡು ಗಂಟೆ ಮಕ್ಕಳ ಜೊತೆ ಕೂರುವವರು ಬೇಕು. ಈ ಪತ್ರಿಕೆಯ ಕೆಲಸಕ್ಕೂ ಒಬ್ಬರು ಜೊತೆಯಾದರೆ ದೊಡ್ಡ ಉಪಕಾರ. ಪ್ರೂಫ್ ನೋಡಿಕೊಟ್ಟರೂ ಸಾಕು. ದಯವಿಟ್ಟು ಬನ್ನಿ.

ಆ ಹುಡುಗಿಯ ವೀಟಿ ಈಗ ನಮ್ಮ ಊಟದ ಮೇಜಿನ ಮೇಲೆ ಒಣಗುತ್ತಿದೆ. ಅವರ ಮನೆಯಲ್ಲಿ ಜಾಗ ಇಲ್ಲವಂತೆ. ಚಮಕಿ ಹಾರಬಾರದೆಂದು ಫ್ಯಾನ್ ಆಫ್ ಮಾಡಿ ಕೂತಿದ್ದೇನೆ. ಗಡಿಯಾರಕ್ಕೆ ಮುಳ್ಳು ಇನ್ನೂ ಅಂಟಿಸಿಲ್ಲ. ಮಾಸ್ಟ್ರ ರೈಲು ವೀಟಿಯಿಂದ ಎಷ್ಟು ಗಂಟೆಗೆ ಅಂತ ಕೇಳಿದ್ದಾಳೆ. ಟಿಕೆಟ್ ನೋಡಿ ಹೇಳಬೇಕು.

— ಸಂಪಾದಕರು